ದನಕರುಗಳುಳ್ಳ ರೈತರಿಗೆ ತಕ್ಕ ಹಸುರು ಬೇಲಿ
(ರೈತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಬೇಲಿಯ ಕಂಡಿಯಲ್ಲಿ ಒಂದು ರಾತ್ರಿ ನುಗ್ಗಿದ ನಾಲ್ಕು ದನಗಳು ವರ್ಷದ ದುಡಿಮೆಯನ್ನು ಹಾಳುಮಾಡುವುವು. ಬೆಳಗಾದರೆ ನೆರೆಹೊರೆಯವರಲ್ಲಿ ಕಲಹವೂ ಹುಟ್ಟುವುದು. ಜಾಲಿಮುಳ್ಳಿನ ಒಣಬೇಲಿಯು ಗೆದ್ದಲಿಗೆ ಆಹಾರವಾಗಿ ಪದೇ ಪದೇ ಹೊಸದನ್ನು ಬೇಡುವುದು. ಆದಕಾರಣ ಜೀವಂತ ಬೇಲಿಯೇ ಮೇಲು. ಆದರೆ ಅದನ್ನು ಆರಿಸುವಾಗ, ಈ ಗಿಡವನ್ನು ನಮ್ಮ ದನ ಆಡುಗಳು ತಿನ್ನುವುವೋ ಎಂಬುದನ್ನೇ ಮೊದಲು ವಿಚಾರಿಸತಕ್ಕದ್ದು.

ಹೊರಗಿನ ಸಾಲಿಗೆ ದನಗಳು ಬಾಯಿ ಹಾಕದ ಗಿಡವಿರಲಿ. ಮಳೆ ಕಡಮೆಯಾದ ನೆಲದಲ್ಲಿ ಬದುವಿನ ಮೇಲೆ 3 ಅಡಿಗೊಂದರಂತೆ ಕತ್ತಾಳೆಯ ಮರಿಗಳನ್ನು ನೆಡಬಹುದು; ನಾರೂ ದೊರೆಯುವುದು. ಹೂಗಂಬ ಬಿಟ್ಟ ಕತ್ತಾಳೆಯು ಸಾಯುವುದರಿಂದ ಬುಡದ ಮರಿಯೊಂದನ್ನು ಉಳಿಸಿ ಕಂಡಿಯನ್ನು ಮುಚ್ಚಬೇಕು. ದನ ನಡೆಯುವ ಓಣಿಯಲ್ಲಿ ಎಲೆಯ ತುದಿಮುಳ್ಳನ್ನು ಕತ್ತರಿಸದಿದ್ದರೆ ಕಣ್ಣಿಗೆ ಅಪಾಯ. ಲಕ್ಕಿ, ಬಂದರಿಕೆಗಳನ್ನೂ ದನಗಳು ಸಾಮಾನ್ಯವಾಗಿ ಮೇಯುವುದಿಲ್ಲ.

ಒಳಸಾಲಿಗೆ ಸೀಮೆಹುಣಿಸೆ ಉತ್ತಮ. ಇದರ ಮುಳ್ಳು ಕಾವಲು, ಸೊಪ್ಪು ಆಡಿಗೆ ಮೇವು. ಮುಂಗಾರಿನಲ್ಲಿ ಎರಡು ಸಾಲಾಗಿ ಒತ್ತಾಗಿ ಬಿತ್ತಿ, ಮೊದಲ ಎರಡು ವರ್ಷ ಒಣಮುಳ್ಳಿನಿಂದ ಕಾಯಬೇಕು. ಎಳೆಯ ಸಸಿಯನ್ನು ಆಡು ಉಳಿಸದು. ಸಸಿಯು ಮೊಳಕಾಲೆತ್ತರ ಬಂದೊಡನೆ ತುದಿಯನ್ನು ಸವರಿದರೆ ಬುಡದಿಂದ ಕವಲೊಡೆಯುವುದು. ಎತ್ತರಕ್ಕೆ ಬಿಟ್ಟ ಬೇಲಿಯ ಬುಡ ಬರಿದಾಗಿ, ಕುರಿಮರಿ ನುಸುಳುವಷ್ಟು ಸಂದು ಬೀಳುವುದು. ಬೇಲಿಗೂ ಪೈರಿಗೂ ನಡುವೆ 2 ಅಡಿ ಆಳದ ಕಾಲುವೆ ತೋಡಿದರೆ ಬೇರುಗಳು ಪೈರಿನ ಸಾರವನ್ನು ಹೀರಲಾರವು.

ಕೆಲವು ಗಿಡಗಳನ್ನು ದೂರವಿಡತಕ್ಕದ್ದು. ಲಂಟಾನದ ಸೊಪ್ಪು ತಿಂದ ದನಕ್ಕೆ ಕಾಮಾಲೆ ಬಂದು ಬಿಸಿಲಿನಲ್ಲಿ ಚರ್ಮ ಸುಲಿಯುವುದು. ಹಕ್ಕಿಗಳು ಅದರ ಬೀಜವನ್ನು ಗೋಮಾಳಕ್ಕೆಲ್ಲ ಹರಡುವುವು. ಕಣಗಿಲೆಯು ವಿಷ, ಸವರಿದ ಕೊಂಬೆಯನ್ನು ಕೊಟ್ಟಿಗೆಯ ಬಳಿ ಎಸೆಯಲಾಗದು. ಬೇಲಿಗೆಂದು ಬೆಳೆಸಿದ ಪಾಪಾಸುಕಳ್ಳಿಯು ಹೊಲ ಗೋಮಾಳಗಳನ್ನೇ ಆಕ್ರಮಿಸಿತು. 1926ರಲ್ಲಿ ಸಿಂಹಳದಿಂದ ತಂದ ಕೊಚಿನೀಲ್ ಹುಳುವಿನಿಂದ ದಕ್ಷಿಣ ಇಂಡಿಯಾದಲ್ಲಿ ಅದು ಅಡಗಿತು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆಗೆ ಇದಕ್ಕಿಂತ ನಿದರ್ಶನ ಬೇಡ.

ಗ್ರಾಮದ ಮುಖಂಡರಲ್ಲಿ ಒಂದು ವಿಜ್ಞಾಪನೆ. ಒಬ್ಬನು ನೆಟ್ಟ ಸಸಿಯನ್ನು ಮತ್ತೊಬ್ಬನ ಆಡು ಮೇಯ್ದರೆ ಯಾವ ಬೇಲಿಯೂ ಏಳದು. ಆದುದರಿಂದ ಊರಿನವರೆಲ್ಲರೂ ಒಂದೇ ಮುಂಗಾರಿನಲ್ಲಿ ನೆಡುವಂತೆಯೂ, ಎರಡು ವರ್ಷ ಆಡುಗಳನ್ನು ಕಾವಲಿಲ್ಲದೆ ಬಿಡದಂತೆಯೂ ತಾವು ಏರ್ಪಾಡುಮಾಡಿ, ಮೊದಲು ತಮ್ಮ ಹೊಲದಿಂದಲೇ ಆರಂಭಿಸಬೇಕೆಂದು ಪ್ರಾರ್ಥಿಸುತ್ತೇನೆ.