ನನ್ನ ಕೈಯನ್ನೂ ಎಣಿಸಿ
(ಬೆಳ್ಳಿ ಹಬ್ಬದ ಸಭೆಯಲ್ಲಿ ಸಂಘದ ಸದಸ್ಯರೊಬ್ಬರು ಮಾಡಿದ ಭಾಷಣ)



ನನ್ನ ದೃಷ್ಟಿ ಹೋಗಿ ಹನ್ನೆರಡು ವರ್ಷವಾಯಿತು. ಅದಕ್ಕಿಂತ ಹೆಚ್ಚು ನೋಯಿಸಿದ್ದು ಒಂದು ಮಾತು. ಕೌಂಟರಿನ ಮುಂದೆ ನಾನೇ ನಿಂತಿದ್ದರೂ ಪಕ್ಕದ ಮಗನನ್ನು ಕೇಳುತ್ತಾರೆ: "ನಿಮ್ಮಪ್ಪಗ ಎಷ್ಟು ರೊಕ್ಕ ಬೇಕಂತ?" ನನ್ನ ಕಿವಿ ಚಲೋ ಅದಾವ್ರೀ!

ಗದಗಿನ ವೀರೇಶ್ವರ ಪುಣ್ಯಾಶ್ರಮ ನಿಮಗೆಲ್ಲ ಗೊತ್ತು. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಎಷ್ಟೋ ಅಂಧ ಮಕ್ಕಳು ಅಲ್ಲಿ ಸಂಗೀತ ಕಲಿತು ತಮ್ಮ ಅನ್ನ ತಾವೇ ದುಡಿದರು. ಪುಟ್ಟರಾಜರು ನಾಟಕವನ್ನೂ ಬರೆದರು; 2010ರಲ್ಲಿ ಪದ್ಮಭೂಷಣ ಬಂತು. ಅವರಿಗೆ ಕೈ ಮುಗಿಯುವ ನಾವೇ ಓಣಿಯ ಕುರುಡ ಹುಡುಗನಿಗೆ "ಪಾಪ, ಮೂಲ್ಯಾಗ ಕೂಡು" ಅಂತೇವೆ. ಅವನಿಗೆ ಹಾಡು ಬರದಿರಬಹುದು. ಎಲ್ಲರೂ ಗವಾಯಿಗಳೇ ಆಗಬೇಕೆಂದೇನೂ ಇಲ್ಲವಲ್ಲ!

ನಾನು ಈಗಲೂ ಎಮ್ಮೆ ಹಿಂಡುತ್ತೇನೆ. ಒಂದೊಂದರ ಕೊರಳಿಗೆ ಒಂದೊಂದು ದನಿಯ ಗಂಟೆ ಕಟ್ಟಿದ್ದೇನೆ, ಯಾವುದು ಹಗ್ಗ ಬಿಚ್ಚಿಕೊಂಡಿತೆಂದು ಮನೆಯವರಿಗಿಂತ ಮೊದಲು ನನಗೇ ತಿಳಿಯುತ್ತದೆ. ನೂರರ ನೋಟಿನಲ್ಲಿ ಉಬ್ಬಿದ ತ್ರಿಕೋನ, ಐನೂರರಲ್ಲಿ ವೃತ್ತ. ಹೊಸ ನೋಟಾದರೆ ಬೆರಳಿಗೆ ಸಿಗುತ್ತದೆ, ಸವೆದಿದ್ದರೆ ಫಜೀತಿ. ದೃಷ್ಟಿಯಿಲ್ಲವೆಂದು ಚೆಕ್‌ಬುಕ್ಕು, ಲಾಕರು ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕು 2008ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ.

ನಮ್ಮ ಸಂಘದಲ್ಲಿ ನಾನು ಕೇಳುವುದು ಅಷ್ಟೊಂದಿಲ್ಲ. ಪಾಸ್‌ಬುಕ್ಕಿನಲ್ಲಿ ಬರೆದದ್ದನ್ನು ನನಗೆ ಓದಿ ಹೇಳಿ, ಊರಿಗೆಲ್ಲ ಕೇಳುವಂತಲ್ಲ. ನೋಟನ್ನು ಎಷ್ಟರದೆಂದು ಹೇಳುತ್ತ ಒಂದೊಂದಾಗಿ ಕೈಗಿಡಿ. ಮಹಾಸಭೆಯಲ್ಲಿ ಕೈ ಎತ್ತಿದಾಗ ನನ್ನ ಕೈಯನ್ನೂ ಎಣಿಸಿ. ಹೋದ ವರ್ಷ ಬಿಟ್ಟುಹೋಗಿತ್ತು.