ಕಳಚಬೇಕಾದ ಕವಚ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ಈ ನಾಲ್ಕು ಊರುಗಳ ನಡುವೆಯೇ ಮೂರು ದಶಕಗಳ ಕಾಲ ಕನ್ನಡದ ಪಾಠ ಹೇಳುತ್ತ ಬಂದವನು ನಾನು. ರಾಕೆಟ್ಟಿನ ವಿಷಯವಾಗಿ ಮಾತನಾಡುವ ಅಧಿಕಾರ ಇವರಿಗೆಲ್ಲಿಂದ ಬಂದಿತೆಂದು ನನ್ನ ಹಳೆಯ ವಿದ್ಯಾರ್ಥಿಗಳು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ. ಕಳೆದ ಬೇಸಿಗೆಯಲ್ಲಿ, ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಸಿದ್ದ ನನ್ನ ಮೊಮ್ಮಗ ಇಂಡಿಯ ನಮ್ಮ ಮನೆಯಲ್ಲಿ ಗಣಕಯಂತ್ರದ ಮುಂದೆ ಕುಳಿತು ರಾಕೆಟ್ಟು ಕಟ್ಟುವ ಆಟ ಆಡುತ್ತಿದ್ದ. ಹೊರಗೆ ಕಾಲಿಡಗೊಡದ ಬಿಸಿಲು. ಬೇರೆ ಕೆಲಸವಿಲ್ಲದೆ ನಾನೂ ಅವನ ಪಕ್ಕದಲ್ಲಿ ಕುಳಿತೆ. ಆ ನಾಲ್ಕಾರು ಮಧ್ಯಾಹ್ನಗಳಲ್ಲಿ ನಾನು ಕಲಿತದ್ದನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಆಟದ ಹೆಸರು ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’. ಮೆಕ್ಸಿಕೋ ದೇಶದ ಸಂಸ್ಥೆಯೊಂದು ರಚಿಸಿದ ಇದು 2011ರಲ್ಲಿ ಮೊದಲು ಹೊರಬಂದು, 2015ರ ಏಪ್ರಿಲ್ ತಿಂಗಳಲ್ಲಿ ಪೂರ್ಣರೂಪ ತಾಳಿತು. ಕರ್ಬಿನ್ ಎಂಬುದೊಂದು ಕಲ್ಪನೆಯ ಗ್ರಹ. ಅಲ್ಲಿ ಇಂಧನದ ತೊಟ್ಟಿ, ಎಂಜಿನು, ರೆಕ್ಕೆಗಳನ್ನು ಒಂದಕ್ಕೊಂದು ಜೋಡಿಸಿ ರಾಕೆಟ್ಟು ಕಟ್ಟಬೇಕು, ಹಾರಿಸಬೇಕು. ಗ್ರಹ ಕಲ್ಪನೆಯದಾದರೂ ಭಾರ, ವೇಗ, ಗಾಳಿಯ ತಡೆ ಇವುಗಳ ಲೆಕ್ಕ ಬಹುಮಟ್ಟಿಗೆ ನಮ್ಮ ಲೋಕದ್ದೇ. ತಪ್ಪಿದರೆ ರಾಕೆಟ್ಟು ಬೀಳುತ್ತದೆ.

ಅವನ ಮೊದಲ ರಾಕೆಟ್ಟು ಬಿದ್ದೇ ಬಿದ್ದಿತು. ತುದಿಯಲ್ಲಿ ಒಂದು ಉಪಗ್ರಹವನ್ನು ಬರಿದಾಗಿ ಕೂಡಿಸಿದ್ದ. ಅದಕ್ಕೆ ಬುಟ್ಟಿಯಂಥ ಆಂಟೆನಾ, ಮಡಿಸಿದ ಸೌರಫಲಕಗಳು. ನೆಲ ಬಿಟ್ಟು ಸ್ವಲ್ಪ ಮೇಲೇರುವಷ್ಟರಲ್ಲಿ ರಾಕೆಟ್ಟು ತೂಗಾಡಿ ತಲೆಕೆಳಗಾಯಿತು. “ಮುತ್ಯಾ, ತುದೀಗೆ ಏನೂ ಮುಚ್ಚಿಲ್ಲ. ಅದಕ್ಕ ಗಾಳಿ ಹಿಡದು ಒಗೀತು” ಎಂದ. ನನಗೆ ತಟ್ಟನೆ ತಿಳಿಯಿತು. ಬಿರುಗಾಳಿಯಲ್ಲಿ ಮೊರವನ್ನು ತಲೆಯ ಮೇಲೆ ಹಿಡಿದು ನಡೆಯುವ ಹೆಣ್ಣುಮಗಳ ಪಾಡು ನಮ್ಮ ಸೀಮೆಯಲ್ಲಿ ಯಾರು ಕಂಡಿಲ್ಲ? ಬಾಣಕ್ಕೆ ಗರಿ ಹಿಂದಿರಬೇಕು; ಅಗಲವಾದದ್ದು ಮುಂದಿದ್ದರೆ ಗಾಳಿ ಅದನ್ನು ಹಿಂದಕ್ಕೆ ತಿರುಗಿಸಿಯೇ ಬಿಡುವದು.

ಮರುದಿನ ಹೊದಿಕೆ ಕಟ್ಟುವ ಕೆಲಸ. ಇದಕ್ಕೆ ಫೇರಿಂಗ್ ಎನ್ನುತ್ತಾರೆ; ನಮ್ಮ ಪತ್ರಿಕೆಗಳು ಉಷ್ಣಕವಚ ಎಂದು ಬರೆಯುವವು. ಉಪಗ್ರಹದ ಕೆಳಗೆ ಒಂದು ದುಂಡನೆಯ ಪೀಠವನ್ನಿಟ್ಟು, ಅದರ ಅಂಚಿನಿಂದ ಗೋಡೆಯನ್ನು ಎಳೆಯುತ್ತ ಮೇಲಕ್ಕೊಯ್ಯಬೇಕು. ಉಪಗ್ರಹ ಅಗಲವಾಗಿರುವಲ್ಲಿ ಹಿಗ್ಗಿಸಬೇಕು, ಆಮೇಲೆ ಕುಗ್ಗಿಸುತ್ತ ಹೋಗಿ ತುದಿಯಲ್ಲಿ ಮುಚ್ಚಬೇಕು. ತಿಗರಿಯ ಮೇಲೆ ಕುಂಬಾರನು ಗಡಿಗೆಯ ಮೈಯನ್ನು ಎಬ್ಬಿಸಿದಂತೆಯೇ. ಅತಿ ಅಗಲ ಮಾಡಿದರೆ ಗಾಳಿಯ ತಡೆಯೂ ಹೆಚ್ಚು, ಹೊರುವ ಭಾರವೂ ಹೆಚ್ಚು. ಮುಚ್ಚಿದ ಮೇಲೆ ಒಳಗಿನದರ ಸೋಂಕು ಗಾಳಿಗಿಲ್ಲ.

ಇಷ್ಟಾದರೆ ಕೆಲಸ ಮುಗಿಯಿತೆಂದು ನಾನು ತಿಳಿದಿದ್ದೆ. ನಿಜವಾದ ಕಷ್ಟ ಅಲ್ಲಿಂದಲೇ ಮೊದಲಾಯಿತು. ಕಟ್ಟಿದ ಹೊದಿಕೆಯನ್ನು ದಾರಿಯಲ್ಲಿ ಕಳಚಲೇಬೇಕು. ಕರ್ಬಿನ್ನಿನ ಗಾಳಿ 70 ಕಿಲೋಮೀಟರ್ ಎತ್ತರದಲ್ಲಿ ಮುಗಿಯುತ್ತದೆ. ಹುಡುಗ ಅವಸರಪಟ್ಟು ದಟ್ಟಗಾಳಿಯಲ್ಲಿಯೇ ತೆರೆದ. ರಾಕೆಟ್ಟು ಮತ್ತೆ ತಲೆಕೆಳಗು. ಮುಂದಿನ ಸಲ ಇನ್ನೊಂದು ತಪ್ಪು. ಯಾವ ಭಾಗ ಯಾವಾಗ ಕಳಚಬೇಕೆಂಬ ಕ್ರಮವನ್ನು ಹಾರುವ ಮೊದಲೇ ಪಟ್ಟಿಯಲ್ಲಿ ಹೊಂದಿಸಿಡಬೇಕು. ಅವನು ಕವಚಕ್ಕಿಂತ ಮೊದಲು ಉಪಗ್ರಹವನ್ನು ಬಿಡಿಸುವಂತೆ ಹೊಂದಿಸಿಬಿಟ್ಟಿದ್ದ. ರಾಕೆಟ್ಟು ಕಕ್ಷೆ ಮುಟ್ಟಿತು. ಉಪಗ್ರಹ ಬಿಡಿಸಿಕೊಂಡಿತು – ಮುಚ್ಚಿದ ಕವಚದ ಒಳಗೇ! ಈಗ ಆಜ್ಞೆ ಕೇಳುವ ಯಂತ್ರವೆಲ್ಲ ಉಪಗ್ರಹದಲ್ಲಿ. ಕವಚವಾದರೋ ಹಿಂದುಳಿದ ರಾಕೆಟ್ಟಿಗೆ ಸೇರಿದ್ದು. ತೆರೆಯೆಂದು ಹೇಳಲು ಉಪಾಯವಿಲ್ಲ. ಸೌರಫಲಕ ಬಿಚ್ಚಲು ಹೋದರೆ ಒಳಗಿದ್ದಾಗ ಬಿಚ್ಚಲಾಗದೆಂಬ ಉತ್ತರ. ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ಇದನ್ನು ನಾನು ನಿಜಲೋಕದಲ್ಲಿ ಕಂಡಿದ್ದೆ.

2017ರ ಆಗಸ್ಟ್ 31ರ ಸಂಜೆ 7 ಗಂಟೆಗೆ ಶ್ರೀಹರಿಕೋಟೆಯಿಂದ ಪಿ.ಎಸ್.ಎಲ್.ವಿ. ಸಿ-39 ಮೇಲೇರಿತು. ಅದು ಹೊತ್ತದ್ದು 1,425 ಕಿಲೋ ತೂಕದ ಐ.ಆರ್.ಎನ್.ಎಸ್.ಎಸ್.-1ಎಚ್ ಎಂಬ ಉಪಗ್ರಹವನ್ನು. ದಾರಿ ತೋರುವ ನಮ್ಮದೇ ಉಪಗ್ರಹಮಾಲೆಯಲ್ಲಿ ಮೊದಲನೆಯದರ ಪರಮಾಣು ಗಡಿಯಾರಗಳು ಕೆಟ್ಟಿದ್ದವು. ಆ ಸ್ಥಾನ ತುಂಬಲು ಹೊರಟದ್ದು ಇದು. ಎಂಜಿನುಗಳು ಒಂದೊಂದಾಗಿ ಸರಿಯಾಗಿಯೇ ಉರಿದವು. ಗಾಳಿ ತೆಳುವಾದ ಎತ್ತರದಲ್ಲಿ ಎರಡು ಹೋಳಾಗಿ ಬೀಳಬೇಕಾಗಿದ್ದ ಉಷ್ಣಕವಚ ಮಾತ್ರ ಬೀಳಲಿಲ್ಲ. ಆ ಹೆಚ್ಚಿನ ಭಾರವನ್ನು ಹೊತ್ತೇ ರಾಕೆಟ್ಟು ಕೊನೆಯವರೆಗೆ ಹೋಯಿತು. ಮುಟ್ಟಬೇಕಾದ ಕಕ್ಷೆಯನ್ನು ಮುಟ್ಟಲಿಲ್ಲ. ಉಪಗ್ರಹವು ಕವಚದ ಒಳಗೇ ಬಿಡಿಸಿಕೊಂಡು ಅಲ್ಲಿಯೇ ಸೆರೆಯಾಯಿತು. ಇಸ್ರೋದ ಅಂದಿನ ಅಧ್ಯಕ್ಷರು, ಕನ್ನಡಿಗರೇ ಆದ ಎ. ಎಸ್. ಕಿರಣ್ ಕುಮಾರ್ ಅವರು ಅದೇ ರಾತ್ರಿ ನಾಡಿಗೆ ಈ ಸೋಲನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಕೆಟ್ಟದ್ದು ಉಪಗ್ರಹವಲ್ಲ, ಎಂಜಿನಲ್ಲ. ಕಾಯಲೆಂದು ಇಟ್ಟ ಕವಚವೇ ಬಿಡಲೊಲ್ಲದೆ ಹೋಯಿತು.

ಇದು ನಮಗೊಬ್ಬರಿಗೇ ಬಂದ ಆಪತ್ತಲ್ಲ. ಅಮೆರಿಕದ ನಾಸಾ ಸಂಸ್ಥೆ 2009ರಲ್ಲಿ ಒಂದು, 2011ರಲ್ಲಿ ಇನ್ನೊಂದು – ಎರಡು ಉಪಗ್ರಹಗಳನ್ನು ಹೀಗೆಯೇ, ಕವಚ ಕಳಚದೆ ಸಮುದ್ರದ ಪಾಲು ಮಾಡಿಕೊಂಡಿತು. ಬಹಳ ದಿನಗಳ ಶೋಧನೆಯ ನಂತರ, ಕಳಚುವ ಭಾಗಕ್ಕೆ ಬಳಸಿದ ಅಲ್ಯೂಮಿನಿಯಂ ಸುಳ್ಳು ಪ್ರಮಾಣಪತ್ರ ಹೊತ್ತು ಬಂದದ್ದೆಂದು 2019ರಲ್ಲಿ ತಿಳಿಸಿತು. ಇಸ್ರೋ ತನ್ನ ದೋಷವನ್ನು ಹುಡುಕಿ ತಿದ್ದಿಕೊಂಡು 2018ರ ಜನವರಿ 12ರಂದು ಮತ್ತೆ ಹಾರಿಸಿತು; ಏಪ್ರಿಲ್ 12ರಂದು ಕಳೆದುಹೋದ ಉಪಗ್ರಹದ ಬದಲಿಗೆ ಇನ್ನೊಂದನ್ನು ಕಕ್ಷೆಗೆ ಸೇರಿಸಿತು. ಎರಡು ಸಲವೂ ಕವಚ ಸರಿಯಾಗಿ ಕಳಚಿಬಿದ್ದಿತು.

ಸಾಹಿತ್ಯದ ಮೇಷ್ಟ್ರಿಗೆ ಕವಚವೆಂದೊಡನೆ ಕರ್ಣ ನೆನಪಾಗದೆ ಇರುವನೆ? ಅವನದು ಹುಟ್ಟಿನೊಡನೆ ಬಂದ ಕವಚ; ಮೈಗೆ ಅಂಟಿದ್ದು. ಅದನ್ನು ಕೊಯ್ದೇ ತೆಗೆಯಬೇಕಾಯಿತು, ನೆತ್ತರು ಸುರಿಯಿತು. ರಾಕೆಟ್ಟಿನ ಕವಚ ಹಾಗಲ್ಲ. ಅದರಲ್ಲಿ ಸೀಳಬೇಕಾದ ಗೆರೆಯನ್ನು ಕಟ್ಟುವಾಗಲೇ ಇಟ್ಟಿರುತ್ತಾರೆ. ಮುದ್ದೇಬಿಹಾಳದ ಎರೆಹೊಲದಲ್ಲಿ ಹತ್ತಿಯ ಕಾಯಿ ಒಡೆಯುವದನ್ನು ಕಂಡವರಿಗೆ ಇದು ಹೊಸದಲ್ಲ. ಎಳೆಯದಾಗಿರುವಾಗ ಬಿಗಿಯಾಗಿ ಮುಚ್ಚಿಕೊಂಡ ಕಾಯಿಯಲ್ಲಿಯೇ ಬಿರಿಯುವ ಗೆರೆಗಳಿರುತ್ತವೆ. ಬಲಿಯುವ ಮೊದಲೇ ಬಿಚ್ಚಿದರೆ ಎಳೆ ಹಸಿ; ಒಡೆಯದೆಯೇ ಉಳಿದರೆ ಒಳಗಿನ ಅರಳೆ ಯಾರ ಮೈಗೂ ಬಟ್ಟೆಯಾಗದು.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಭಾಷಣ ಪ್ರಾಮಾಣಿಕವಾಗದು. ಹುಡುಗನನ್ನು ಪಿ.ಯು.ಸಿ. ವಿಜ್ಞಾನಕ್ಕೆ ಧಾರವಾಡದಲ್ಲಿ ಇಡಬೇಕೆಂದು ಅವನ ತಾಯಿ ಹೇಳುತ್ತಿದ್ದಳು. ಬೇಡವೆಂದವನು ನಾನೊಬ್ಬನೇ. ಕಣ್ಣ ಮುಂದೆ ಇರಲಿ, ಇನ್ನೂ ಸಣ್ಣವ, ಊಟದ ಗತಿ ಏನು – ನನ್ನ ಬಳಿ ಕಾರಣಗಳಿಗೆ ಕೊರತೆಯಿರಲಿಲ್ಲ. ಪ್ರವೇಶದ ಅರ್ಜಿ ಎಂಟು ದಿನಗಳಿಂದ ನನ್ನ ಮೇಜಿನ ಮೇಲೆಯೇ ಬಿದ್ದಿತ್ತು. ನಾನು ಹೂಂ ಅನ್ನದೆ ಅದನ್ನು ಕಳಿಸಲು ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ.

ನಾಲ್ಕನೆಯ ರಾಕೆಟ್ಟು 70 ಕಿಲೋಮೀಟರ್ ದಾಟಿದ ಮೇಲೆ ಹುಡುಗ ಗುಂಡಿ ಒತ್ತಿದ. ಕವಚದ ಹೋಳುಗಳು ಎರಡೂ ಕಡೆಗೆ ಸರಿದು ಹಿಂದಕ್ಕೆ ಉಳಿದವು. ಫಲಕಗಳು ಬಿಚ್ಚಿದವು, ಅವುಗಳ ಮೇಲೆ ಬಿಸಿಲು ಬಿದ್ದಿತು. “ಈಗ ನೋಡ್ರಿ ಮುತ್ಯಾ!” ಎಂದ.

ನೋಡಿದೆ. ಮಕ್ಕಳ ವಿಷಯದಲ್ಲಿ 70 ಕಿಲೋಮೀಟರಿನ ಗೆರೆಯನ್ನು ಯಾರೂ ಹಾಕಿಕೊಟ್ಟಿಲ್ಲ. ನನ್ನ ಅಂಜಿಕೆ ಪೂರ್ತಿ ಸುಳ್ಳೆಂದು ಇಂದಿಗೂ ಹೇಳಲಾರೆ. ಆದರೆ ಅಷ್ಟು ದಿನ ನಾನು ಯೋಚಿಸಿದ್ದು ಮುಚ್ಚುವದನ್ನು ಮಾತ್ರ, ತೆರೆಯುವ ದಿನವನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಆ ಸಂಜೆ ಅರ್ಜಿಯನ್ನು ಸೊಸೆಯ ಕೈಗೆ ಕೊಟ್ಟು, “ನಾಳೆಯೇ ಕಳಿಸವ್ವಾ” ಎಂದೆ.

ಈಗ ಹುಡುಗ ಧಾರವಾಡದಲ್ಲಿದ್ದಾನೆ. ರವಿವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಊಟ ಅಷ್ಟಕ್ಕಷ್ಟೇ ಅಂತೆ.