ರೊಕ್ಕ ಯಾರದು?



ನಾನು ಮೆಟ್ರಿಕ್ ಪಾಸಾಗಿ 1981ರಲ್ಲಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು. 2020ರಲ್ಲಿ ನಿವೃತ್ತನಾದೆ. ಹೆಚ್ಚಿನ ಕಾಲ ಕುಳಿತದ್ದು ಸೊಲ್ಲಾಪುರದಲ್ಲಿ, ರೊಕ್ಕ ತುಂಬಿಸಿಕೊಳ್ಳುವ ಕಿಟಕಿಯ ಹಿಂದೆ. ಸರಕಾರದ ನಿಯಮ ವ್ಯಾಪಾರಕ್ಕೆ ಅಡ್ಡ ಬಂದಾಗ ಪ್ರಾಮಾಣಿಕತೆ ಎಲ್ಲಿ ಉಳಿಯುತ್ತದೆ, ಎಲ್ಲಿ ಜಾರುತ್ತದೆ ಎಂಬ ಬಗ್ಗೆ ಆ ಕಿಟಕಿಯಿಂದ ನನಗೆ ಕಂಡಷ್ಟನ್ನು ಇವತ್ತು ಹೇಳುತ್ತೇನೆ.

ವ್ಯಾಪಾರಸ್ಥರು ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಒಂದೇ: "ಸಾಹೇಬರ, ಎಷ್ಟರ ತನಕ ತುಂಬಿದರ ತೊಂದರಿ ಇಲ್ಲ?" ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಒಂದೇ ದಿನ 50,000 ರೂಪಾಯಿಗಿಂತ ಹೆಚ್ಚು ನಗದು ತುಂಬಿದರೆ ಪ್ಯಾನ್ ನಂಬರು ಕೊಡಬೇಕಿತ್ತು. ಪ್ಯಾನ್ ಇಲ್ಲದವರು ಫಾರ್ಮ್ 60 ಬರೆದುಕೊಟ್ಟರೆ ಆಗುತ್ತಿತ್ತು. ಅಷ್ಟೇ. ಹೆಚ್ಚು ತುಂಬಬಾರದು ಎಂದು ಯಾರೂ ಹೇಳಿರಲಿಲ್ಲ, ನಂಬರು ಕೊಟ್ಟ ಮಾತ್ರಕ್ಕೆ ತೆರಿಗೆಯೂ ಬೀಳುತ್ತಿರಲಿಲ್ಲ. ಕಿರ್ದಿಯಲ್ಲಿ ಬರೆದ ಮಾರಾಟದ ರೊಕ್ಕವಾದರೆ ಐದು ಲಕ್ಷವನ್ನೂ ಒಮ್ಮೆಗೇ ತುಂಬಬಹುದಿತ್ತು. ಆದರೂ ಪೇಟೆಯಲ್ಲಿ ಆ ಅಂಕಿಗೆ ಜನ ದೆವ್ವಕ್ಕೆ ಅಂಜಿದಂತೆ ಅಂಜುತ್ತಿದ್ದರು. ಸೋಮವಾರ 49,000, ಮಂಗಳವಾರ 49,000, ಬುಧವಾರ ಮತ್ತೆ ಅಷ್ಟೇ.

ಹಾಗೆ ಇಪ್ಪತ್ತೈದು ದಿನ ತುಂಬಿದರೆ 12,25,000 ಆಗುತ್ತದೆ. 2005ರಲ್ಲಿ ಜಾರಿಗೆ ಬಂದ ಹಣದ ಅಕ್ರಮ ವರ್ಗಾವಣೆ ತಡೆ ನಿಯಮಗಳ ಪ್ರಕಾರ, ಒಂದಕ್ಕೊಂದು ಸಂಬಂಧವಿರುವ ಸಣ್ಣ ಸಣ್ಣ ನಗದು ವ್ಯವಹಾರಗಳು ತಿಂಗಳಲ್ಲಿ ಕೂಡಿ 10 ಲಕ್ಷ ದಾಟಿದರೆ ಬ್ಯಾಂಕು ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಕಳಿಸಬೇಕು. ತುಂಡು ಮಾಡಿದವನು ತಾನು ಜಾಣನೆಂದುಕೊಂಡು ಮನೆಗೆ ಹೋಗುತ್ತಾನೆ. ಅವನ ತುಂಡುಗಳನ್ನು ಕೂಡಿಸಿ ನೋಡುವುದೇ ಇನ್ನೊಬ್ಬರ ಕೆಲಸವೆಂದು ಅವನಿಗೆ ಗೊತ್ತಿರುವುದಿಲ್ಲ. ಸಂಶಯದ ವರದಿ ಹೋಗಿದ್ದರೆ ಅದನ್ನು ಗಿರಾಕಿಗೆ ತಿಳಿಸುವಂತೆಯೂ ಇಲ್ಲ. ಎದುರಿಗೆ ನಿಂತು ನಗುವವನಿಗೆ ನಾವೂ ನಕ್ಕು ರಸೀದಿ ಕೊಡಬೇಕು. ಇಂಥ ರೊಕ್ಕದಲ್ಲಿ ಬಹಳಷ್ಟು ನ್ಯಾಯವಾದ ಗಳಿಕೆಯೇ ಎಂದು ನನ್ನ ಅಂದಾಜು. ಸುಮ್ಮನೆ ಅಂಜಿ ಮುಚ್ಚಿಟ್ಟು ತಾವೇ ಅದಕ್ಕೆ ಕಳ್ಳ ರೊಕ್ಕದ ವೇಷ ಹಾಕುತ್ತಿದ್ದರು.

ಮುಖ್ಯ ಮಾತಿಗೆ ಬರುತ್ತೇನೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟುಗಳ ಚಲಾವಣೆ ನಿಂತಿತು. ಸೊಲ್ಲಾಪುರವೆಂದರೆ ಮಗ್ಗ, ಬೀಡಿ. ವಾರದ ಪಗಾರ ಬಹುತೇಕ ನಗದು. ಮಗ್ಗದ ಮಾಲಕರ ಗಲ್ಲಾಪೆಟ್ಟಿಗೆಯಲ್ಲಿ ಹಳೇ ನೋಟುಗಳಿದ್ದವು. ಅವನ್ನು ತಮ್ಮ ಖಾತೆಗೆ ತುಂಬಲು ಅಡ್ಡಿಯಿರಲಿಲ್ಲ. ಆದರೆ ಆ ದಿನಗಳಲ್ಲಿ ಕರೆಂಟ್ ಖಾತೆಯಿಂದ ವಾರಕ್ಕೆ 50,000 ರೂಪಾಯಿ ಮಾತ್ರ ತೆಗೆಯಬಹುದಿತ್ತು. ನಲವತ್ತು ಆಳುಗಳಿಗೆ ಒಂದೂವರೆ ಸಾವಿರದಂತೆ ಹಿಡಿದರೂ ವಾರಕ್ಕೆ 60,000 ಬೇಕು. ಲೆಕ್ಕ ನೆಟ್ಟಗಿದ್ದವನಿಗೂ ಪಗಾರ ಕೊಡಲು ಬರದಂತಾಯಿತು. ಈ ಇಕ್ಕಟ್ಟು ಸುಳ್ಳಲ್ಲ, ನಾನು ಕಣ್ಣಾರೆ ಕಂಡದ್ದು.

ಆಗ ಹುಟ್ಟಿಕೊಂಡ ಉಪಾಯ ಆಳುಗಳ ಖಾತೆ. ನವೆಂಬರ್ ಕೊನೆಯ ವಾರ ಒಬ್ಬ ಹೆಣ್ಣುಮಗಳು 48,000 ರೂಪಾಯಿ ಹಳೇ ನೋಟು ಹಿಡಿದು ನನ್ನ ಕಿಟಕಿಗೆ ಬಂದಳು. ಆಕೆಯ ಪಾಸ್‌ಬುಕ್ಕಿನಲ್ಲಿ ಅದುವರೆಗೆ ಎರಡು ಸಾವಿರ ದಾಟಿದ ಗುರುತಿರಲಿಲ್ಲ. ಚೀಟಿಯನ್ನು ಬೇರೆ ಯಾರೋ ಒಳ್ಳೇ ಅಕ್ಷರದಲ್ಲಿ ಬರೆದಿದ್ದರು.

"ಅಕ್ಕಾ, ಈ ರೊಕ್ಕ ಯಾರದು?" ಎಂದೆ.

"ಮಾಲಕರದ್ರಿ. ಎರಡು ತಿಂಗಳಾದ ಮ್ಯಾಲ ತಗದು ಕೊಡಬೇಕು. ನನಗ ಐನೂರು ಕೊಡ್ತೀನಂದಾರ."

"ಚೀಟಿ ಮ್ಯಾಲ ಹೆಬ್ಬೆಟ್ಟು ನಿಮ್ಮದು. ನಾಳೆ ಕೇಳಿದರ ಉತ್ತರ ಕೊಡಾಕ ಅವರು ಬರ್ತಾರೇನು?"

ಆಕೆ ಬಹಳ ಹೊತ್ತು ಸುಮ್ಮನಿದ್ದು, "ಒಲ್ಲೆ ಅಂದರ ನಾಳೆ ಕೆಲಸಕ್ಕ ಬರಬ್ಯಾಡ ಅಂತಾರ್ರಿ" ಎಂದಳು.

ಬೇನಾಮಿ ಕಾನೂನಿನ ತಿದ್ದುಪಡಿ ಅದೇ ನವೆಂಬರ್ 1ರಂದು ಜಾರಿಗೆ ಬಂದಿತ್ತು. ಅದರ ಪ್ರಕಾರ ರೊಕ್ಕದ ಒಡೆಯನಂತೆ ಹೆಸರು ಕೊಟ್ಟವರೂ ಅಪರಾಧಿ. ಒಂದರಿಂದ ಏಳು ವರ್ಷ ಕಠಿಣ ಸಜೆ, ಮೇಲೆ ದಂಡ. ಐನೂರು ರೂಪಾಯಿಗೆ ಆಕೆ ಏನನ್ನು ಹೊತ್ತುಕೊಳ್ಳುತ್ತಿದ್ದಾಳೆಂದು ಆಕೆಗೂ ತಿಳಿದಿರಲಿಲ್ಲ, ಬಹುಶಃ ಕಳಿಸಿದವರಿಗೂ ಪೂರ್ತಿ ತಿಳಿದಿರಲಿಲ್ಲ. ನಾನು ಮ್ಯಾನೇಜರರಿಗೆ ಹೇಳಿದೆ. ಅವರು ಮಾಲಕರನ್ನು ಕರೆಸಿ, ರೊಕ್ಕ ನಿಮ್ಮದಾದರೆ ನಿಮ್ಮ ಖಾತೆಗೇ ತುಂಬಿರಿ ಎಂದರು. ಮಾಲಕರು ಸಿಟ್ಟಾಗಿ ಖಾತೆಯನ್ನೇ ಬೇರೆ ಬ್ಯಾಂಕಿಗೆ ಒಯ್ಯುತ್ತೇನೆಂದರು. ಒಯ್ದರೂ ಒಯ್ದರು. ಠೇವಣಿಯ ಗುರಿ ಮುಟ್ಟಲಿಲ್ಲವೆಂದು ಆ ಮ್ಯಾನೇಜರರು ಮಾರ್ಚಿನಲ್ಲಿ ಮೇಲಿನವರಿಂದ ಮಾತು ಕೇಳಬೇಕಾಯಿತು. ಹೆಣ್ಣುಮಗಳ ಕೆಲಸ ಉಳಿಯಿತು. ಮುಂದಿನ ದೀಪಾವಳಿಗೆ ಬೋನಸ್ಸು ಮಾತ್ರ ಉಳಿದವರಿಗಿಂತ ಕಡಿಮೆ ಬಂತಂತೆ.

ಮಾಲಕರ ಪಕ್ಷದ ವಾದವನ್ನೂ ಹೇಳಬೇಕು. "ನಿಯಮ ಮಾಡುವವರು ನಮ್ಮ ಪಗಾರದ ವಾರ ನೋಡಿ ಮಾಡಲಿಲ್ಲ. ದೊಡ್ಡವರು ಹೇಗೋ ಪಾರಾಗುತ್ತಾರೆ, ಸಿಕ್ಕಿಬೀಳುವವರು ಬಡವರು." ಇದರಲ್ಲಿ ನಿಜವಿದೆ. 15.41 ಲಕ್ಷ ಕೋಟಿ ರೂಪಾಯಿಯ ಹಳೇ ನೋಟುಗಳಲ್ಲಿ 15.31 ಲಕ್ಷ ಕೋಟಿ ವಾಪಸು ಬಂದವೆಂದು ರಿಸರ್ವ್ ಬ್ಯಾಂಕು 2018ರಲ್ಲಿ ಹೇಳಿತು; ಅದರಲ್ಲಿ ಎಷ್ಟು ಯಾರ ಯಾರ ಹೆಸರಿನಲ್ಲಿ ಒಳಗೆ ಬಂದಿತೋ! ಇನ್ನು ನಮ್ಮ ಗಡಿಯ ಸಾದಾ ಜನ: ತವರಿನಲ್ಲಿ ಒಂದು ಹೆಸರು, ಮರಾಠಿ ಪದ್ಧತಿಯಂತೆ ಮದುವೆಯಲ್ಲಿ ಇನ್ನೊಂದು ಹೆಸರು ಪಡೆದ ಹೆಂಗಸು ಖಾತೆ ತೆರೆಯಲು ಬಂದರೆ ಮದುವೆಯ ಸರಕಾರಿ ಪ್ರಮಾಣಪತ್ರವನ್ನೋ ಗೆಜೆಟ್ಟನ್ನೋ ತರಬೇಕು. ತನ್ನದೇ ದುಡಿಮೆಯ ಎರಡು ಸಾವಿರಕ್ಕೆ ಆಕೆ ಮೂರು ಸಲ ಅಲೆಯುವುದನ್ನು ನೋಡಿ ನನಗೂ ಕಸಿವಿಸಿಯಾಗಿದೆ.

ಆದರೆ ನಿಯಮ ಒರಟಾಗಿದೆ ಎಂಬ ಸಿಟ್ಟನ್ನು ಆಳಿನ ಹೆಬ್ಬೆಟ್ಟಿನ ಮೇಲೆ ತೀರಿಸಿಕೊಳ್ಳಬಹುದೇ? ಲೆಕ್ಕಕ್ಕೆ ಸಿಗದ ರೊಕ್ಕ ಇದ್ದವರಿಗೂ ಆಗ ಒಂದು ದಾರಿ ಇತ್ತು. 2016ರ ಡಿಸೆಂಬರ್ 17ರಿಂದ 2017ರ ಮಾರ್ಚ್ 31ರ ತನಕ ಗರೀಬ್ ಕಲ್ಯಾಣ ಯೋಜನೆಯಲ್ಲಿ ತಾವೇ ಒಪ್ಪಿ ಘೋಷಿಸಿದರೆ ತೆರಿಗೆ, ಮೇಲ್ತೆರಿಗೆ, ದಂಡ ಕೂಡಿ ನೂರಕ್ಕೆ 49.9 ಹೋಗುತ್ತಿತ್ತು, ಇನ್ನೂ 25 ಭಾಗ ಬಡ್ಡಿಯಿಲ್ಲದೆ ನಾಲ್ಕು ವರ್ಷ ಸರಕಾರದ ಬಳಿ ಇರುತ್ತಿತ್ತು. ಕಹಿ ಔಷಧವೇ ಸರಿ. ಕುಡಿದವರು ಕಡಿಮೆ.

ಲೆಕ್ಕ ನೆಟ್ಟಗಿದ್ದ ಇನ್ನೊಬ್ಬ ಮಗ್ಗದ ಮಾಲಕರ ವಿಚಾರ ಹೇಳಿ ಮುಗಿಸುತ್ತೇನೆ. ಅವರು ಇದ್ದ ನೋಟೆಲ್ಲ ಒಂದೇ ದಿನ ತಮ್ಮ ಖಾತೆಗೆ ತುಂಬಿ, ಕಿರ್ದಿಯ ನಕಲನ್ನೂ ತಂದಿದ್ದರು. ಪ್ರತಿ ವಾರ 50,000 ತೆಗೆದು ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿ, ಉಳಿದದ್ದನ್ನು ಆಳುಗಳ ಖಾತೆಗೆ ಪಗಾರವೆಂದೇ ಜಮಾ ಮಾಡಿಸಿದರು. ಖಾತೆ ಇಲ್ಲದ ಒಂಬತ್ತು ಜನರನ್ನು ತಾವೇ ಕರೆತಂದು ಕೂರಿಸಿದರು. ಸಾಲಿನಲ್ಲಿ ನಿಂತು ನಿಂತು ಅವರ ಎರಡು ಮಗ್ಗ ಹದಿನೈದು ದಿನ ಸುಮ್ಮನೆ ನಿಂತವು. ಪೂರ್ತಿ ಪಗಾರವನ್ನು ಕೈಗೇ ಕೊಡುತ್ತೇನೆಂದ ಬೇರೊಬ್ಬರ ಕಡೆಗೆ ಇಬ್ಬರು ನೇಕಾರರು ಹೊರಟುಹೋದರು. ಒಂದು ದಿನ ನನ್ನ ಕಿಟಕಿಯ ಮುಂದೆ ನಿಂತು, "ರೊಕ್ಕ ನಂದು, ಲೆಕ್ಕ ನಂದು, ಶಿಕ್ಷೆನೂ ನಂಗೇನ್ರಿ?" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಚೀಟಿಗೆ ಮುದ್ರೆ ಒತ್ತಿ ಕೊಟ್ಟೆ.

ಬಿಟ್ಟುಹೋದ ಇಬ್ಬರಲ್ಲಿ ಒಬ್ಬ ಯುಗಾದಿಯ ಹೊತ್ತಿಗೆ ತಿರುಗಿ ಬಂದ. ಇನ್ನೊಬ್ಬ ಬರಲಿಲ್ಲ.